ಚಪ್ಪಾಳೆಗೆ ಮೊದಲು ಬರೆಯಬೇಕಾದ ಒಂದು ವಾಕ್ಯ

"ಶೈಕ್ಷಣಿಕ ಕ್ಷೇತ್ರದಲ್ಲಿ ತೋರಿದ ಉತ್ತಮ ಸಾಧನೆಗಾಗಿ." ಶಾಲೆಗಳು ಕೊಡುವ ಪ್ರಶಸ್ತಿ ಪತ್ರಗಳಲ್ಲಿ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಸಾಲು ಇದು. ಚಿನ್ನದ ಬಣ್ಣದ ಅಂಚು, ಮೊಹರು, ಎರಡು ಸಹಿ, ನಡುವೆ ಹೆಸರು, ಅದರ ಕೆಳಗೆ ಈ ಸಾಲು. ಹೆಸರು ಬದಲಿಸಿದರೆ ಪಕ್ಕದ ಹುಡುಗನಿಗೂ ಹೊಂದುತ್ತದೆ, ಇಸವಿ ಬದಲಿಸಿದರೆ ಮುಂದಿನ ಬ್ಯಾಚಿಗೂ ನಡೆಯುತ್ತದೆ. ಅದನ್ನು ಮನೆಗೆ ಒಯ್ದ ಹುಡುಗಿಯನ್ನು ಅಜ್ಜಿ "ಯಾತಕ್ಕೆ ಕೊಟ್ರು?" ಎಂದು ಕೇಳಿದರೆ ಅವಳ ಹತ್ತಿರ ಉತ್ತರವಿರುವುದಿಲ್ಲ. ಕೊಟ್ಟ ಶಾಲೆಯ ಹತ್ತಿರವೂ ಇರುವುದಿಲ್ಲ.

ಇನ್ನೊಂದು ಸಾಲು ನೋಡಿ: "ಭಿನ್ನರಾಶಿಯ ಭಾಗಾಕಾರದಲ್ಲಿ ತನ್ನ ತಪ್ಪು ಯಾವ ಹಂತದಲ್ಲಿ ಆಗುತ್ತಿದೆ ಎಂದು ತಾನೇ ಪತ್ತೆ ಹಚ್ಚಿ, ಮೂರು ವಾರ ದಿನಕ್ಕೆರಡು ಲೆಕ್ಕ ಮಾಡಿ, ಈಗ ಪಕ್ಕದವರಿಗೆ ಅದೇ ಹಂತವನ್ನು ಬಿಡಿಸಿ ತೋರಿಸುತ್ತಿದ್ದಾಳೆ." ಇದನ್ನು ಸಾದಾ ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟರೂ ತೂಕ ಕಡಿಮೆಯಾಗದು. ಯಾರೋ ಒಬ್ಬರು ಆ ಹುಡುಗಿಯನ್ನು ನಿಜವಾಗಿ ಗಮನಿಸಿದ್ದಾರೆ ಎಂಬುದು ಅದರಲ್ಲೇ ಇದೆ.

ಮಿಡಲ್ ಸ್ಕೂಲಿನಲ್ಲಿ, ಅಂದರೆ ಆರು, ಏಳು, ಎಂಟನೇ ತರಗತಿಗಳಲ್ಲಿ, ಸಾಧನೆ ಗುರುತಿಸುವ ಕೆಲಸವೆಂದರೆ ಮೊದಲಿಗೆ ಸುದ್ದಿ ಸಂಗ್ರಹದ ಕೆಲಸ ಎಂದೇ ನನ್ನ ನಂಬಿಕೆ. ಯಾರು, ಏನು ಮಾಡಿದರು, ಯಾವಾಗ, ಕಂಡವರು ಯಾರು ಎಂಬುದು ಸಿಕ್ಕ ಮೇಲೆ ವೇದಿಕೆ, ಪದಕ, ಫೋಟೊ ಎಲ್ಲ ಅದರ ಹಿಂದೆ ಬರುತ್ತವೆ. ಬಹಳ ಶಾಲೆಗಳಲ್ಲಿ ಇದು ತಿರುವುಮುರುವಾಗಿರುತ್ತದೆ. ಮೊದಲು ಕಾರ್ಯಕ್ರಮದ ದಿನ ನಿಗದಿಯಾಗುತ್ತದೆ, ಆಮೇಲೆ ಪದಕ ಬರುತ್ತದೆ, ಕೊನೆಗೆ "ನಿಮ್ಮ ಸೆಕ್ಷನ್ನಿನಿಂದ ನಾಲ್ಕು ಹೆಸರು ಕೊಡಿ" ಎಂಬ ಚೀಟಿ ಕ್ಲಾಸ್ ಟೀಚರ್ ಕೈಗೆ ಬರುತ್ತದೆ.

ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನವರಿಗೆ ಇದನ್ನು ಬೇರೆಯಾಗಿಯೇ ಯೋಚಿಸಬೇಕಾದ ಕಾರಣವಿದೆ. ಮೂರನೇ ತರಗತಿಯ ಮಗುವಿಗೆ ಟೀಚರ್ ಎಲ್ಲರೆದುರು "ಶಹಬ್ಬಾಸ್" ಎಂದರೆ ದಿನವಿಡೀ ಖುಷಿ. ಏಳನೇ ತರಗತಿಯ ಹುಡುಗನಿಗೆ ಅದೇ ಮಾತು ಮಧ್ಯಾಹ್ನದ ಬಿಡುವಿನಲ್ಲಿ ಗೆಳೆಯರ ಬಾಯಲ್ಲಿ ಚುಡಾಯಿಸುವ ಸರಕಾಗಬಹುದು. ಈ ವಯಸ್ಸಿನಲ್ಲಿ ಓರಗೆಯವರ ಕಣ್ಣು ದೊಡ್ಡದು. ತಮ್ಮ ವಿಷಯದಲ್ಲಿ ತಾವೇ ನಿರ್ಧರಿಸಬೇಕು ಎಂಬ ಹಂಬಲ ಬಲಿಯುವುದೂ ಆಗಲೇ. ಮನೋವಿಜ್ಞಾನಿ ಜಾಕ್ವೆಲಿನ್ ಎಕಲ್ಸ್ ಮತ್ತು ಸಂಗಡಿಗರು 1993ರಲ್ಲಿ ಬರೆದ ಪ್ರಬಂಧ ಈ ಇಕ್ಕಟ್ಟನ್ನೇ ಎತ್ತಿ ತೋರಿಸಿತು: ಮಕ್ಕಳು ಹೋಲಿಕೆಗೆ ಅತಿ ಸೂಕ್ಷ್ಮರಾಗುವ ಹೊತ್ತಿಗೇ ಶಾಲೆ ಅಂಕ, ಸ್ಥಾನ, ಸಾರ್ವಜನಿಕ ಹೋಲಿಕೆಗಳನ್ನು ಹೆಚ್ಚಿಸುತ್ತದೆ. ಸ್ವಾತಂತ್ರ್ಯ ಬೇಕೆನ್ನುವ ಹೊತ್ತಿಗೇ ಹಿಡಿತ ಬಿಗಿ ಮಾಡುತ್ತದೆ. ವಯಸ್ಸು ಒಂದು ಕಡೆಗೆ ಎಳೆದರೆ ಶಾಲೆ ಇನ್ನೊಂದು ಕಡೆಗೆ.

ಹಾಗಾಗಿ ಮೊದಲ ಹೆಜ್ಜೆ ಕೇಳುವುದು. ವರ್ಷದ ಆರಂಭದಲ್ಲಿ ತುಂಬಿಸುವ ವಿವರಗಳ ಹಾಳೆಯಲ್ಲಿ ಒಂದು ಪ್ರಶ್ನೆ ಸೇರಿಸಿದರೆ ಸಾಕು: "ನಿನ್ನ ಬಗ್ಗೆ ಒಳ್ಳೆಯ ಸುದ್ದಿ ಇದ್ದರೆ ನಾವು ಅದನ್ನು ಹೇಗೆ ಹೇಳಬೇಕು?" ಎಲ್ಲರೆದುರು ಹೆಸರು ಕೂಗಬಹುದು, ತರಗತಿಯಲ್ಲಿ ಹೇಳಿದರೆ ಸಾಕು, ಬರೆದು ಕೈಗೆ ಕೊಡಿ, ಮನೆಗೆ ಮಾತ್ರ ತಿಳಿಸಿ ಎಂದು ನಾಲ್ಕು ಆಯ್ಕೆ. ಒಂದಕ್ಕಿಂತ ಹೆಚ್ಚಿಗೆ ಗುರುತು ಹಾಕಲು ಅವಕಾಶವಿರಲಿ, ವರ್ಷದ ನಡುವೆ ಬದಲಿಸಲೂ ಬಿಡಿ. ಆರನೇ ತರಗತಿಯಲ್ಲಿ ವೇದಿಕೆ ಬೇಕೆಂದವರು ಎಂಟಕ್ಕೆ ಬರುವಷ್ಟರಲ್ಲಿ ಬೇಡ ಎನ್ನುವುದು ಸಹಜ, ಇದರ ಉಲ್ಟಾ ಆಗುವುದೂ ಉಂಟು. ಕೇಳಿ ಬರೆಸಿಕೊಂಡ ಮೇಲೆ ಅದನ್ನು ಪಾಲಿಸಬೇಕು. "ಅಯ್ಯೋ, ನಾಚಿಕೆ ಅಷ್ಟೇ, ಬಾ ಮೇಲೆ" ಎಂದು ಕೈಹಿಡಿದು ಎಳೆದರೆ ಮುಂದಿನ ವರ್ಷ ಆ ಹಾಳೆಯನ್ನು ಯಾರೂ ನಂಬಿ ತುಂಬುವುದಿಲ್ಲ.

ಹೊಗಳಿಕೆ ಏನು ಮಾಡುತ್ತದೆ

ಈ ವಿಷಯದಲ್ಲಿ ಶಾಲೆಗೆ ನೇರ ಉಪಯೋಗಕ್ಕೆ ಬರುವ ಕೆಲವು ಪ್ರಯೋಗಗಳಿವೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಚಿತ್ರ ಬಿಡಿಸುವುದನ್ನು ಇಷ್ಟಪಡುವ ನರ್ಸರಿ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಚಿನ್ನದ ಮುದ್ರೆ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆಯೇ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರ ಕಳೆದ ಮೇಲೆ ಬಿಡುವಿನ ಹೊತ್ತಿನಲ್ಲಿ ನೋಡಿದಾಗ, ಸರ್ಟಿಫಿಕೇಟಿಗಾಗಿ ಬಿಡಿಸಿದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದಲ್ಲಿ ತೊಡಗಿದ್ದರು. ಹೇಳದೆ ಕೊಟ್ಟ ಗುಂಪಿನಲ್ಲಿ ಆ ಕುಸಿತ ಇರಲಿಲ್ಲ. ಅವರೆಲ್ಲ ತೀರಾ ಚಿಕ್ಕ ಮಕ್ಕಳು ನಿಜ. ಆದರೆ "ಹತ್ತು ಪುಸ್ತಕ ಓದಿದರೆ ಬ್ಯಾಡ್ಜ್" ಎಂಬ ಯೋಜನೆ ಹಾಕುವಾಗ, ಈಗಾಗಲೇ ಓದುವ ಹುಚ್ಚಿರುವ ಹುಡುಗಿಗೆ ಅದು ಏನು ಮಾಡೀತು ಎಂದು ಕೇಳಿಕೊಳ್ಳಲು ಇಷ್ಟು ಸಾಕು. ಪುಟ ಕಡಿಮೆ ಇರುವ ಪುಸ್ತಕಗಳು ಮೊದಲು ಖಾಲಿಯಾಗುತ್ತವೆ.

1998ರಲ್ಲಿ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಎಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀ" ಎಂದರು. ಮುಂದಿನ ಸುತ್ತಿನಲ್ಲಿ ಬೇಕೆಂದೇ ಕಷ್ಟದ ಲೆಕ್ಕ ಕೊಟ್ಟರು. ಎಲ್ಲರೂ ಎಡವಿದರು. ಅದಾದ ಮೇಲೆ ಮತ್ತೆ ಸುಲಭದ ಲೆಕ್ಕಕ್ಕೆ ಬಂದಾಗ ಬುದ್ಧಿವಂತ ಎನಿಸಿಕೊಂಡವರ ಸಾಧನೆ ಮೊದಲಿಗಿಂತ ಕುಸಿದಿತ್ತು, ಶ್ರಮಕ್ಕೆ ಮೆಚ್ಚುಗೆ ಪಡೆದವರದು ಏರಿತ್ತು. ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸುವಾಗ ಹೆಚ್ಚಿಸಿ ಬರೆದವರೂ ಬುದ್ಧಿವಂತರ ಗುಂಪಿನಲ್ಲೇ ಜಾಸ್ತಿ. ಇದನ್ನು ಓದಿದ ಶಾಲೆಗಳು ಎಲ್ಲದಕ್ಕೂ "ಶ್ರಮ" ಎಂಬ ಮುದ್ರೆ ಒತ್ತಲು ಶುರು ಮಾಡಿದವು, ಅದೂ ಕೆಲಸ ಮಾಡದು. ಶ್ರಮಪಟ್ಟೂ ಕಲಿಯದೆ ಉಳಿದವನಿಗೆ "ಶ್ರಮಪಟ್ಟೆ" ಎಂದರೆ ಅವನ ಕಿವಿಗೆ ಅದು ಅನುಕಂಪವಾಗಿ ಕೇಳುತ್ತದೆ. ಹೇಳಬೇಕಾದದ್ದು ಅವನು ಬಳಸಿದ ದಾರಿಯನ್ನು: ಏನು ಬದಲಿಸಿದ, ಅದರಿಂದ ಏನಾಯಿತು.

ಹಾಜರಿ ಪ್ರಶಸ್ತಿಯ ಬಗ್ಗೆ ಇನ್ನೂ ಖಚಿತವಾದ ಮಾತಿದೆ. ಕಾರ್ಲಿ ರಾಬಿನ್ಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಆರರಿಂದ ಹನ್ನೆರಡನೇ ತರಗತಿಯ 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ತಿಂಗಳು ಪೂರ್ಣ ಹಾಜರಿಯಿದ್ದರೆ ಪ್ರಶಸ್ತಿ ಎಂದು ಮೊದಲೇ ಹೇಳಿದ್ದರಿಂದ ಒಟ್ಟಾರೆ ಹಾಜರಿ ಸುಧಾರಿಸಲಿಲ್ಲ. ಹಿಂದಿನ ಪೂರ್ಣ ಹಾಜರಿಗೆಂದು ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರಂತೂ ಮುಂದಿನ ತಿಂಗಳು ಪ್ರಶಸ್ತಿ ಪಡೆಯದ ಅಂಥದೇ ವಿದ್ಯಾರ್ಥಿಗಳಿಗಿಂತ ಹೆಚ್ಚು ಗೈರಾದರು. ಪ್ರಶಸ್ತಿ ಕೊಟ್ಟದ್ದೇ "ನೀನು ಉಳಿದವರಿಗಿಂತ, ನಾವು ಬಯಸಿದ್ದಕ್ಕಿಂತ ಹೆಚ್ಚು ಬಂದಿದ್ದೀ" ಎಂಬ ಸೂಚನೆಯಾಗಿ ತಲುಪಿತ್ತು. ಇದರ ಜೊತೆಗೆ ಜ್ವರ ಬಂದ ಮಗು, ಮನೆಯಲ್ಲಿ ಕಷ್ಟವಿರುವ ಮಗು ಮೊದಲ ವಾರದಲ್ಲೇ ಪಟ್ಟಿಯಿಂದ ಹೊರಗೆ. ಜ್ವರದಲ್ಲೂ ಶಾಲೆಗೆ ಬರುವವರು ಪಟ್ಟಿಯ ಒಳಗೆ. ಪೂರ್ಣ ಹಾಜರಿ ಪ್ರಶಸ್ತಿಯನ್ನು ನಿಲ್ಲಿಸುವುದೇ ಮೇಲು.

ನೋಡಿದ್ದನ್ನು ಬರೆದಿಡುವ ಪುಸ್ತಕ

ಇಡೀ ವ್ಯವಸ್ಥೆ ನಿಂತಿರುವುದು ಒಂದು ನೋಂದಣಿ ಪುಸ್ತಕದ ಮೇಲೆ. ಉದ್ದ ಪುಸ್ತಕವಾದರೂ ಆದೀತು, ಸ್ಪ್ರೆಡ್‌ಶೀಟ್ ಆದರೆ ಇನ್ನೂ ಅನುಕೂಲ. ಕಾಲಂಗಳು ಎಂಟು: ತಾರೀಖು, ಹೆಸರು, ತರಗತಿ ಮತ್ತು ಸೆಕ್ಷನ್, ಏನು ಮಾಡಿದರು, ಕಂಡವರು ಯಾರು, ವಿದ್ಯಾರ್ಥಿ ಬಯಸಿದ ರೀತಿ, ಪೋಷಕರ ಒಪ್ಪಿಗೆ, ತಿಳಿಸಿದ ದಿನ. ನಾಲ್ಕನೇ ಕಾಲಂನಲ್ಲಿ ಒಂದೇ ನಿಯಮ: ಕ್ರಿಯಾಪದ ಇರಲೇಬೇಕು. "ಶಿಸ್ತಿನ ಹುಡುಗ", "ಎಲ್ಲದರಲ್ಲೂ ಮುಂದು" ಎಂದು ಬಂದರೆ ವಾಪಸ್ ಕಳಿಸಿ "ನೀವು ಏನು ನೋಡಿದಿರಿ?" ಎಂದು ಕೇಳಬೇಕು. ಆಗ ಉತ್ತರ ಬರುತ್ತದೆ: "ಪ್ರಯೋಗ ಮುಗಿದ ಮೇಲೆ ಯಾರೂ ಹೇಳದೆ ಬೀಕರ್‌ಗಳನ್ನೆಲ್ಲ ತೊಳೆದು ಅಳತೆಯ ಪ್ರಕಾರ ಜೋಡಿಸಿಟ್ಟ. ನಾಲ್ಕು ವಾರದಿಂದ ಹೀಗೇ ಮಾಡುತ್ತಿದ್ದಾನೆ." ಸುದ್ದಿ ಇದ್ದದ್ದು ಅಲ್ಲಿ, "ಶಿಸ್ತಿನ ಹುಡುಗ" ಎಂಬ ಮಾತಿನ ಹಿಂದೆ.

ಬರೆಯುವವರು ಶಿಕ್ಷಕರು ಮಾತ್ರ ಆಗಬಾರದು. ಗ್ರಂಥಾಲಯ ನೋಡಿಕೊಳ್ಳುವವರು, ಪಿ.ಟಿ. ಮೇಷ್ಟ್ರು, ಆಫೀಸಿನವರು, ಬಸ್ ಚಾಲಕರು, ಆಯಾಗಳು ಕಾಣುವ ಮಕ್ಕಳೇ ಬೇರೆ. ಹೊಸದಾಗಿ ಸೇರಿದ ಹುಡುಗಿಯನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಒಂದು ತಿಂಗಳು ಜೊತೆಯಾದವಳು ಯಾರೆಂದು ಗಣಿತದ ಟೀಚರ್‌ಗೆ ತಿಳಿಯುವ ದಾರಿಯೇ ಇಲ್ಲ. ಬರೆಯಲು ಹಿಂಜರಿಯುವ ಸಿಬ್ಬಂದಿ ಬಾಯಲ್ಲಿ ಹೇಳಲಿ, ಆಫೀಸಿನಲ್ಲಿ ಒಬ್ಬರು ಬರೆದುಕೊಳ್ಳಲಿ. ಮಕ್ಕಳೂ ಒಬ್ಬರ ಬಗ್ಗೆ ಒಬ್ಬರು ಚೀಟಿ ಹಾಕಬಹುದು. ಆದರೆ ಚೀಟಿಯಲ್ಲಿ ಬರೆದವರ ಹೆಸರು ಇರಬೇಕು, ನೋಟಿಸ್ ಬೋರ್ಡಿಗೆ ಹೋಗುವ ಮೊದಲು ಶಿಕ್ಷಕರೊಬ್ಬರು ಓದಲೇಬೇಕು. ಹೆಸರಿಲ್ಲದ ಪೆಟ್ಟಿಗೆ ಕೆಲವೇ ವಾರಗಳಲ್ಲಿ ಜನಪ್ರಿಯತೆಯ ಚುನಾವಣೆಯಾಗುತ್ತದೆ, ಇಲ್ಲವೇ ಹೊಗಳಿಕೆಯ ವೇಷದಲ್ಲಿ ಗೇಲಿ ನುಸುಳುತ್ತದೆ.

ಒಂದು ಲೆಕ್ಕ ಹಾಕಿ. ಮೂರು ತರಗತಿ, ತಲಾ ಮೂರು ಸೆಕ್ಷನ್, ಸೆಕ್ಷನ್ನಿಗೆ 35 ಜನ: 315 ಮಕ್ಕಳು. ಸೆಕ್ಷನ್ನಿಗೆ ತಿಂಗಳಿಗೆ ನಾಲ್ಕು ಸುದ್ದಿ ಎಂದರೆ ತಿಂಗಳಿಗೆ 36, ಹತ್ತು ತಿಂಗಳಿಗೆ 360. ಕಾಗದದ ಮೇಲೆ ಎಲ್ಲರಿಗೂ ಒಂದೊಂದು ಬಂದು ಮಿಗುತ್ತದೆ. ವಾಸ್ತವದಲ್ಲಿ ಅದೇ ಹತ್ತಾರು ಹೆಸರುಗಳು ಸುತ್ತುತ್ತವೆ. ಭಾಷಣದಲ್ಲಿ ಗೆದ್ದವಳೇ ಪ್ರಬಂಧದಲ್ಲೂ ಗೆಲ್ಲುತ್ತಾಳೆ, ಅವಳೇ ಕ್ಲಾಸ್ ಲೀಡರ್ ಕೂಡ. ಯಾರದೂ ಕೆಟ್ಟ ಉದ್ದೇಶವಲ್ಲ. ಕಣ್ಣಿಗೆ ಮೊದಲೇ ಬಿದ್ದವರು ಮತ್ತೆ ಬೀಳುತ್ತಾರೆ ಅಷ್ಟೆ. ಇದಕ್ಕೆ ಮದ್ದು ಸರಳ. ಶಾಲೆಯ ಪೂರ್ತಿ ಹೆಸರುಪಟ್ಟಿಯನ್ನು ಒಂದು ಹಾಳೆಯಲ್ಲಿಟ್ಟು, ಪ್ರತಿ ಹೆಸರಿನ ಮುಂದೆ ಕೊನೆಯ ಸುದ್ದಿಯ ತಾರೀಖು ಬರುವಂತೆ ಮಾಡಿ, ತಾರೀಖಿಲ್ಲದವರು ಮೇಲೆ ಬರುವ ಹಾಗೆ ಜೋಡಿಸಿ. ತಿಂಗಳಿಗೊಮ್ಮೆ ಪ್ರತಿ ಕ್ಲಾಸ್ ಟೀಚರ್‌ಗೆ ಮೇಲಿನ ಆರು ಹೆಸರು ಕೊಟ್ಟು "ಈ ಎರಡು ವಾರ ಇವರನ್ನು ಗಮನವಿಟ್ಟು ನೋಡಿ" ಎನ್ನಿ. ಇಲ್ಲದ ಸಾಧನೆ ಹುಟ್ಟಿಸಿ ಎಂದು ಇದರ ಅರ್ಥವಲ್ಲ. ಹುಟ್ಟಿಸಿದ್ದನ್ನು ಈ ವಯಸ್ಸಿನ ಮಕ್ಕಳು ಒಂದೇ ನೋಟಕ್ಕೆ ಹಿಡಿಯುತ್ತಾರೆ. ನೋಡಲು ಕುಳಿತರೆ ಕಾಣುವುದು ಸಾಕಷ್ಟಿರುತ್ತದೆ. ಇಷ್ಟು ದಿನ ನೋಡಿರಲಿಲ್ಲ, ಅಷ್ಟೆ.

ಸಾಮಾನ್ಯವಾಗಿ ಇದು ಕೆಡುವುದು ಎರಡನೇ ತಿಂಗಳಿನಲ್ಲಿ. ಕೊನೆಯ ದಿನ ಸಂಜೆ ಎಲ್ಲರೂ ಒಟ್ಟಿಗೆ ತುಂಬುತ್ತಾರೆ, ವಾಕ್ಯಗಳು ಮತ್ತೆ "ಉತ್ತಮ ವಿದ್ಯಾರ್ಥಿ"ಗೆ ಇಳಿಯುತ್ತವೆ. ತುಂಬಲು ಪ್ರತ್ಯೇಕ ಸಮಯ ಕೊಡದಿದ್ದರೆ ಹೀಗಾಗುವುದು ಖಂಡಿತ. ವಾರದ ಸಿಬ್ಬಂದಿ ಸಭೆಯ ಮೊದಲ ಐದು ನಿಮಿಷ ಎಲ್ಲರೂ ಸುಮ್ಮನೆ ಕುಳಿತು ಒಂದೊಂದು ಸಾಲು ಬರೆಯುವ ಪದ್ಧತಿ ಇಟ್ಟರೆ ಪುಸ್ತಕ ಉಸಿರಾಡುತ್ತದೆ. ಸಭೆಯ ಕೊನೆಗೆ ಇಟ್ಟರೆ ಆ ಐದು ನಿಮಿಷ ಯಾವತ್ತೂ ಸಿಗುವುದಿಲ್ಲ.

ಯಾವ ಪ್ರಶಸ್ತಿ, ಯಾವ ಅಳತೆ

ಸ್ಥಾನ ಕೊಡುವ ಪ್ರಶಸ್ತಿ ಬೇರೆ, ಮಟ್ಟ ಮುಟ್ಟಿದವರಿಗೆಲ್ಲ ಕೊಡುವುದು ಬೇರೆ. ಮೊದಲ ಮೂರು ಸ್ಥಾನಕ್ಕೆ ಮಾತ್ರ ಎಂದರೆ ಉಳಿದ 32 ಮಂದಿಗೆ ಆ ಪ್ರಶಸ್ತಿ ಒಂದು ಪ್ರೇಕ್ಷಕರ ಕುರ್ಚಿ. ಶೇಕಡಾ 85 ದಾಟಿದವರಿಗೆಲ್ಲ, ಅಥವಾ ವಿಜ್ಞಾನದ ಐದು ಪ್ರಯೋಗಗಳ ವರದಿಯನ್ನು ಸರಿಯಾಗಿ ಬರೆದವರಿಗೆಲ್ಲ ಎಂದಾಗ ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗುವುದಿಲ್ಲ. ಮಾನದಂಡವನ್ನು ಅವಧಿಯ ಮೊದಲೇ ಗೋಡೆಗೆ ಅಂಟಿಸಿರಬೇಕು, ನಡುವೆ ಬದಲಿಸಬಾರದು.

"ಅತಿ ಹೆಚ್ಚು ಸುಧಾರಿಸಿದ ವಿದ್ಯಾರ್ಥಿ" ಎಂಬ ಪ್ರಶಸ್ತಿಯ ಹಿಂದಿನ ಮನಸ್ಸು ಒಳ್ಳೆಯದು, ಲೆಕ್ಕ ಮಾತ್ರ ಬಹಳ ಸಲ ತಪ್ಪು. ಒಂದು ಪರೀಕ್ಷೆಯಿಂದ ಮುಂದಿನ ಪರೀಕ್ಷೆಗೆ ಏರಿದ ಅಂಕವನ್ನೇ ಅಳೆದರೆ ಗೆಲ್ಲುವವನು ಸಾಮಾನ್ಯವಾಗಿ ಮೊದಲ ಪರೀಕ್ಷೆಯ ದಿನ ಹುಷಾರಿಲ್ಲದಿದ್ದವನು. ತೀರಾ ಕೆಳಗಿಳಿದ ಅಂಕ ಮುಂದಿನ ಸಲ ತನ್ನಿಂತಾನೇ ಒಂದಿಷ್ಟು ಮೇಲಕ್ಕೆ ಬರುತ್ತದೆ, ಅದರಲ್ಲಿ ಕಲಿಕೆ ಇರಲೂಬಹುದು, ಇಲ್ಲದಿರಲೂಬಹುದು. ಇನ್ನೊಂದು ತುದಿಯಲ್ಲಿ, 96 ಪಡೆದವಳಿಗೆ ಏರಲು ನಾಲ್ಕೇ ಅಂಕ ಉಳಿದಿದೆ. ಆದ್ದರಿಂದ ಒಂದು ಪರೀಕ್ಷೆಯ ಬದಲು ಎರಡು ಮೂರು ಪರೀಕ್ಷೆಗಳ ಸರಾಸರಿಯನ್ನು ಹಿಡಿಯಬೇಕು, ಜೊತೆಗೆ ನೋಟ್‌ಬುಕ್ಕಿನ ಕೆಲಸವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಜೂನ್‌ನಲ್ಲಿ ಬರೆದ ಪ್ಯಾರಾ, ನವೆಂಬರ್‌ನಲ್ಲಿ ಬರೆದ ಪ್ಯಾರಾ. ವ್ಯತ್ಯಾಸ ಅಲ್ಲಿ ಕಣ್ಣಿಗೇ ಕಾಣುತ್ತದೆ. ಪ್ರಶಸ್ತಿಯ ಹೆಸರನ್ನೂ ಬದಲಿಸಿ. "ಸುಧಾರಿಸಿದ" ಎನ್ನುವಾಗ "ಮೊದಲು ಕೆಟ್ಟಿದ್ದ" ಎಂಬುದೂ ಕೇಳುತ್ತದೆ. "ತನ್ನ ಬರಹವನ್ನು ತಾನೇ ಎರಡು ಸಲ ತಿದ್ದಿ ಒಪ್ಪಿಸಲು ಕಲಿತ" ಎಂದರೆ ಆ ತೊಡಕಿಲ್ಲ.

ತಿಂಗಳಿಗೊಬ್ಬ "ತಿಂಗಳ ವಿದ್ಯಾರ್ಥಿ" ಎಂಬ ಯೋಜನೆ ನನಗೆ ಒಪ್ಪಿಗೆಯಿಲ್ಲ. ಸೆಕ್ಷನ್ನಿನ 35ರಲ್ಲಿ ವರ್ಷಕ್ಕೆ ಹತ್ತು ಜನ. ಮೂರನೇ ತಿಂಗಳ ಹೊತ್ತಿಗೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಸರದಿ ಪ್ರಕಾರ ಹಂಚಿದರೂ ಅಷ್ಟೇ ಬೇಗ ಗೊತ್ತಾಗಿ ಬೆಲೆ ಕಳೆದುಕೊಳ್ಳುತ್ತದೆ. ತಂಡದ ಸಾಧನೆಯಿದ್ದರೆ ಪ್ರತಿ ಹೆಸರಿನ ಮುಂದೆ ಅವರವರು ಮಾಡಿದ್ದನ್ನು ಬರೆಯಿರಿ, ನಾಯಕನ ಹೆಸರೊಂದನ್ನೇ ಬರೆದರೆ ಉಳಿದವರು ಫೋಟೊದ ಹಿನ್ನೆಲೆಯಾಗುತ್ತಾರೆ.

ವಾಕ್ಯವನ್ನು ಕಟ್ಟುವುದು

ಪ್ರಶಸ್ತಿ ಪತ್ರದ ಸಾಲು ಇಪ್ಪತ್ತೈದು ಪದ ದಾಟಬಾರದು. ಒಳಗೆ ಬರಬೇಕಾದದ್ದು ಕೆಲಸ ಯಾವುದು, ಮಾಡಿದ್ದೇನು, ಅದರ ಫಲ ಏನು ಕಂಡಿತು. "ಗ್ರಂಥಾಲಯದ ಹರಿದ ಪುಸ್ತಕಗಳನ್ನು ಬೇರ್ಪಡಿಸಿ, 40 ಪುಸ್ತಕಗಳಿಗೆ ಬೆನ್ನು ಅಂಟಿಸಿ, ಮತ್ತೆ ಓದಲು ಸಿಗುವಂತೆ ಮಾಡಿದ್ದಕ್ಕೆ." ಇಷ್ಟೇ. "ಅದ್ಭುತ", "ಅಪ್ರತಿಮ", "ನಭೂತೋ ನಭವಿಷ್ಯತಿ" ಬೇಡ. ಎಡ್ಡಿ ಬ್ರುಮೆಲ್ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಇದೇ: ತಮ್ಮ ಬಗ್ಗೆ ಅಳುಕಿರುವ ಮಕ್ಕಳಿಗೆ ದೊಡ್ಡವರು ಉಬ್ಬಿಸಿದ ಹೊಗಳಿಕೆಯನ್ನೇ ಹೆಚ್ಚು ಕೊಡುತ್ತಾರೆ, ಆ ಮಕ್ಕಳೇ ಅದಾದ ಮೇಲೆ ಕಷ್ಟದ ಕೆಲಸದಿಂದ ಹಿಂದೆ ಸರಿಯುತ್ತಾರೆ. ಅಷ್ಟು ಎತ್ತರದ ಮಾತನ್ನು ಪ್ರತಿಸಲ ಉಳಿಸಿಕೊಳ್ಳುವುದು ಹೇಗೆ ಎಂಬ ಭಯ ಅವರಿಗೆ.

ಇನ್ನು ಬರೆಯಲೇಬಾರದ ಸಂಗತಿಗಳಿವೆ. "ತಂದೆ ತೀರಿಕೊಂಡರೂ", "ಕಡುಬಡತನದ ನಡುವೆಯೂ", "ಓದಲು ಬಾರದಿದ್ದ ಈತ" ಎಂಬ ಸಾಲುಗಳು ಓದುವವರ ಕಣ್ಣು ತೇವ ಮಾಡಬಹುದು. ಆದರೆ ಆ ಹುಡುಗ ನಾಳೆ ಬೆಳಿಗ್ಗೆ ಅದೇ ಗೆಳೆಯರ ನಡುವೆ ಹೋಗಿ ಕುಳಿತುಕೊಳ್ಳಬೇಕು. ಮನೆಯ ಕಷ್ಟ, ಆರೋಗ್ಯ, ಕಲಿಕೆಯ ತೊಂದರೆ, ವಿಶೇಷ ನೆರವು ಪಡೆಯುತ್ತಿರುವ ವಿಷಯ ಇವು ಯಾವುವೂ ಸುದ್ದಿಯ ಭಾಗವಲ್ಲ. ಹುಡುಗ ತಾನೇ ಹೇಳಿಕೊಳ್ಳಲು ಬಯಸಿದರೂ ಪೋಷಕರನ್ನು ಕೇಳಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಅವನನ್ನೇ ಕೇಳಿ.

ವೇದಿಕೆಯ ದಿನ

ಒಂದು ಹೆಸರು ಕರೆದು, ಸಾಲು ಓದಿ, ಮಗು ಬಂದು ತೆಗೆದುಕೊಂಡು ಹೋಗಲು 30 ಸೆಕೆಂಡು ಹಿಡಿಯಿರಿ. 40 ಹೆಸರಿಗೆ 20 ನಿಮಿಷ. ಇಡೀ ಕಾರ್ಯಕ್ರಮ 40 ನಿಮಿಷ ದಾಟಿದರೆ ಹಿಂದಿನ ಸಾಲುಗಳು ಮಾತಿಗಿಳಿಯುತ್ತವೆ, ಕೊನೆಗೆ ಬಂದವರಿಗೆ ಸಿಗುವುದು ದಣಿದ ಚಪ್ಪಾಳೆ. ಸಮಯ ಸಾಲದಿದ್ದರೆ ಭಾಷಣ ಕಡಿಮೆ ಮಾಡಬೇಕೇ ಹೊರತು ಆ ಸಾಲುಗಳನ್ನಲ್ಲ. ನೂರೈವತ್ತು ಹೆಸರಿದ್ದರೆ ಒಂದೇ ದಿನ ತುರುಕದೆ ತರಗತಿವಾರು ಬೇರೆ ಬೇರೆ ದಿನ ಮಾಡುವುದು ಒಳ್ಳೆಯದು.

ಹೆಸರಿನ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದರೂ ಹೆಚ್ಚಲ್ಲ. ಹಾಜರಿ ಪುಸ್ತಕದಲ್ಲೇ ದೀರ್ಘ ಬಿಟ್ಟುಹೋಗಿರುತ್ತದೆ, ಇನಿಷಿಯಲ್ ಅದಲುಬದಲಾಗಿರುತ್ತದೆ. ಮುದ್ರಣಕ್ಕೆ ಮೂರು ದಿನ ಮೊದಲು ಪ್ರತಿ ವಿದ್ಯಾರ್ಥಿಯ ಕೈಯಲ್ಲೇ ಒಂದು ಚೀಟಿಯ ಮೇಲೆ ಹೆಸರು ಬರೆಸಿಕೊಳ್ಳಿ, ಆ ಚೀಟಿಯ ಪ್ರಕಾರ ಟೈಪ್ ಮಾಡಿ, ಟೈಪ್ ಮಾಡಿದವರಲ್ಲದ ಇನ್ನೊಬ್ಬರು ಚೀಟಿ ಹಿಡಿದು ಜೋರಾಗಿ ಓದಿ ತಾಳೆ ನೋಡಲಿ. ವೇದಿಕೆಯಲ್ಲಿ ಓದುವವರು ಪರಿಚಯವಿಲ್ಲದ ಹೆಸರುಗಳನ್ನು ಹಿಂದಿನ ದಿನವೇ ಆ ಮಕ್ಕಳಿಂದ ಹೇಳಿಸಿಕೊಂಡು ತಮಗೆ ಓದಲು ಬರುವಂತೆ ಬರೆದಿಟ್ಟುಕೊಳ್ಳಲಿ. ಹೆಸರನ್ನು ತಪ್ಪಾಗಿ ಕೂಗಿದ ಕ್ಷಣದಲ್ಲಿ ಸಭೆಯಲ್ಲಿ ಏಳುವ ಸಣ್ಣ ನಗು, ಆ ಮಗು ಎದ್ದು ನಡೆದುಬರುವ ಇಪ್ಪತ್ತು ಹೆಜ್ಜೆಯನ್ನೂ ಹಾಳು ಮಾಡುತ್ತದೆ.

ಕನ್ನಡದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ, ಆ ಪಿಡಿಎಫ್ ಅನ್ನು ಮುದ್ರಣಕ್ಕೆ ಕೊಡಿ. ಪಿಡಿಎಫ್ ತೆರೆದು ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಒಂದೊಂದಾಗಿ ನೋಡಿ. ದಪ್ಪ ಕಾಗದ ಆಫೀಸಿನ ಸಾಮಾನ್ಯ ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳಬಹುದು, ಆದ್ದರಿಂದ ಒಂದು ಹಾಳೆ ಹಾಕಿ ನೋಡಿದ ಮೇಲೆಯೇ ಪೂರ್ತಿ ಕಟ್ಟು ಕೊಳ್ಳಬೇಕು. ಹೆಸರಿನ ಜಾಗ ಖಾಲಿ ಬಿಟ್ಟ ಐದು ಹೆಚ್ಚುವರಿ ಪ್ರತಿಗಳು ಕೈಯಲ್ಲಿರಲಿ. ಪತ್ರಗಳನ್ನು ಕರೆಯುವ ಕ್ರಮದಲ್ಲೇ ಜೋಡಿಸಿ, ಬಂದಿಲ್ಲದವರ ಪತ್ರವನ್ನು ಕ್ರಮ ಕೆಡದಂತೆ ಬೇರೆ ಟ್ರೇಗೆ ಹಾಕಲು ಒಬ್ಬರು ನಿಂತಿರಲಿ. ಬಾರದವರಿಗೆ ಮರುದಿನ ತರಗತಿಯಲ್ಲಿ, ಅದೇ ಸಾಲು ಓದಿಯೇ ಕೊಡಬೇಕು. ಆಫೀಸಿನಿಂದ ತೆಗೆದುಕೊಂಡು ಹೋಗು ಎಂದರೆ ಏನು ಉಳಿಯಿತು?

ಪೋಷಕರಿಗೆ ಕನಿಷ್ಠ ಐದು ದಿನ ಮೊದಲು ತಿಳಿಸಿ, ಅವರ ಮಗುವಿನ ತರಗತಿಯ ಸರದಿ ಎಷ್ಟು ಗಂಟೆಗೆ ಎಂಬುದನ್ನೂ ಬರೆಯಿರಿ. ಅರ್ಧ ದಿನ ರಜೆ ಹಾಕಲಾಗದವರು ಅರ್ಧ ಗಂಟೆಗೆ ಬಂದು ಹೋಗಬಲ್ಲರು. ಫೋಟೊ ತೆಗೆಯುವ ಜಾಗದ ಹಿಂದೆ ಕಿಟಕಿ ಇರಬಾರದು, ಮುಖ ಕಪ್ಪಾಗುತ್ತದೆ. ಪತ್ರ ಎದೆಯ ಮಟ್ಟದಲ್ಲಿರಲಿ, ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರಕ್ಕಿರಲಿ.

ಸುದ್ದಿ ಮನೆಗೆ, ಊರಿಗೆ

ಕಂಡ ದಿನದಿಂದ ಏಳು ದಿನದೊಳಗೆ ಮನೆಗೆ ತಿಳಿಯಬೇಕು ಎಂಬ ಗಡುವು ಇಟ್ಟುಕೊಳ್ಳಿ. ಮೂರು ತಿಂಗಳ ನಂತರ ಬರುವ ಶಾಲೆಯ ಸುದ್ದಿಪತ್ರದ ಸಂಚಿಕೆಯಲ್ಲಿ ಹೆಸರು ಅಚ್ಚಾದರೆ ಸಂತೋಷವೇ, ಆದರೆ ಅಷ್ಟರಲ್ಲಿ ಮಗುವಿಗೂ ಅದು ಹಳೆಯ ಕಥೆ.

ಎಲ್ಲಕ್ಕಿಂತ ಕಡಿಮೆ ಖರ್ಚಿನ, ಎಲ್ಲಕ್ಕಿಂತ ಹೆಚ್ಚು ಮುಟ್ಟುವ ದಾರಿ ಎರಡು ನಿಮಿಷದ ಫೋನ್ ಕರೆ. ಶಾಲೆಯ ನಂಬರ್ ಕಂಡ ಕೂಡಲೇ ಪೋಷಕರ ಎದೆ ಧಸಕ್ಕೆನ್ನುತ್ತದೆ, ಬಿದ್ದನೋ, ಜಗಳವಾಡಿದನೋ ಎಂದು. ಆದ್ದರಿಂದ ನಮಸ್ಕಾರ ಹೇಳಿದ ತಕ್ಷಣದ ಮಾತು ಇದಾಗಿರಬೇಕು: "ಗಾಬರಿಯಾಗಬೇಡಿ, ಒಳ್ಳೆಯ ಸುದ್ದಿ ಹೇಳೋಣ ಅಂತ ಮಾಡಿದೆ." ಆಮೇಲೆ ಪುಸ್ತಕದಲ್ಲಿ ಬರೆದ ಸಾಲನ್ನೇ ಹೇಳಿ. "ನಿಮ್ಮ ಮಗಳು ಇವತ್ತು ಗುಂಪು ಚರ್ಚೆಯಲ್ಲಿ ಮಾತಾಡದೆ ಕೂತಿದ್ದ ಇಬ್ಬರನ್ನು ಹೆಸರು ಹಿಡಿದು ಕೇಳಿ ಮಾತಾಡಿಸಿದಳು. ನೋಡಿ ಖುಷಿಯಾಯ್ತು." ಅಲ್ಲಿಗೆ ಮುಗಿಸಬೇಕು. "ಆದರೆ ಹೋಂವರ್ಕ್ ಸ್ವಲ್ಪ..." ಎಂದು ಬಾಲ ಸೇರಿಸಿದರೆ ಮನೆಯವರಿಗೆ ನೆನಪಿರುವುದು ಆ ಬಾಲ ಮಾತ್ರ. ಓದಲು ಬಾರದ ಪೋಷಕರಿಗೆ ಚೀಟಿಗಿಂತ ಕರೆ ಅಥವಾ ಧ್ವನಿ ಸಂದೇಶವೇ ತಲುಪುತ್ತದೆ. ಒಬ್ಬ ಕ್ಲಾಸ್ ಟೀಚರ್ ದಿನಕ್ಕೊಂದು ಕರೆ ಮಾಡಿದರೂ 35 ಮನೆಗಳನ್ನು ಏಳು ಶಾಲಾ ವಾರಗಳಲ್ಲಿ ಮುಟ್ಟಬಹುದು.

ವಾಟ್ಸಾಪ್ ಗುಂಪನ್ನು ಅಡ್ಮಿನ್ ಮಾತ್ರ ಬರೆಯುವಂತೆ ಇಡುವುದು ಕ್ಷೇಮ. ತೆರೆದಿಟ್ಟ ಗುಂಪಿನಲ್ಲಿ ಒಂದು ಮಗುವಿಗೆ ಐವತ್ತು ಅಭಿನಂದನೆ, ಮುಂದಿನ ಮಗುವಿಗೆ ಮೂರು ಬರುತ್ತವೆ. ಎಣಿಕೆಯನ್ನು ಎರಡೂ ಮನೆಯವರು ನೋಡುತ್ತಾರೆ.

ಶಾಲೆಯ ಸುದ್ದಿಪತ್ರದಲ್ಲಿ ಬಹುಮಾನ ವಿತರಣೆಯ ವರದಿ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಅಧ್ಯಕ್ಷತೆ ವಹಿಸಿದವರು, ಉದ್ಘಾಟಿಸಿದವರು, ಮುಖ್ಯ ಅತಿಥಿಗಳು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಕೊನೆಯ ಸಾಲಿನಲ್ಲಿ "ಸಾಧಕ ವಿದ್ಯಾರ್ಥಿಗಳಿಗೆ ಬಹುಮಾನ ವಿತರಿಸಲಾಯಿತು." ಇದನ್ನು ತಲೆಕೆಳಗು ಮಾಡಬೇಕು. ಮೊದಲ ವಾಕ್ಯದಲ್ಲೇ ಮಗುವಿನ ಹೆಸರು ಮತ್ತು ಕೆಲಸ ಬರಲಿ, ಅತಿಥಿಗಳು ಕೊನೆಗೆ ಒಂದು ಸಾಲಿನಲ್ಲಿ ಬರಲಿ. ಫೋಟೊದ ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳಿರಲಿ, "ಬಹುಮಾನಿತರೊಂದಿಗೆ ಗಣ್ಯರು" ಎಂದಷ್ಟೇ ಬರೆದರೆ ಮಕ್ಕಳು ಹೆಸರಿಲ್ಲದವರಾಗುತ್ತಾರೆ. ಮುದ್ರಣಕ್ಕೆ ಮೂಲ ಫೋಟೊ ಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗದು.

ಒಪ್ಪಿಗೆಯನ್ನು ಒಂದೇ ಗುರುತಿನಲ್ಲಿ ಬಾಚಿಕೊಳ್ಳಬಾರದು. ಶಾಲೆಯೊಳಗೆ ಹೆಸರು, ಶಾಲೆಯ ಹೊರಗೆ ಹೆಸರು, ಫೋಟೊ, ಇಂಟರ್ನೆಟ್‌ನಲ್ಲಿ ಫೋಟೊ, ಇವು ನಾಲ್ಕು ಬೇರೆ ಬೇರೆ ಪ್ರಶ್ನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ ಅಮೆರಿಕದ 1974ರ ಫರ್ಪಾ (FERPA) ಕಾಯ್ದೆಯಡಿ ಪಡೆದ ಪ್ರಶಸ್ತಿಗಳನ್ನು ಶಾಲೆ ಬಹಿರಂಗಪಡಿಸಬಹುದಾದ ಮಾಹಿತಿಯ ಪಟ್ಟಿಗೆ ಸೇರಿಸಬಹುದು, ಆದರೆ ಬೇಡ ಎನ್ನುವ ಹಕ್ಕು ಪೋಷಕರಿಗಿದೆ. ಕಾನೂನು ಎಷ್ಟೇ ಸಡಿಲವಿದ್ದರೂ ಶಾಲೆ ಬಿಗಿಯಾಗಿರುವುದು ಒಳ್ಳೆಯದು. ಪೂರ್ತಿ ಹೆಸರು, ಮುಖ, ಸೆಕ್ಷನ್, ಬಸ್ ನಂಬರ್ ಒಂದೇ ಪೋಸ್ಟಿನಲ್ಲಿ ಕೂಡಿ ಬರಬಾರದು. ಕೊರಳಿನ ಐಡಿ ಕಾರ್ಡ್ ಫೋಟೊಕ್ಕೆ ಮೊದಲು ತೆಗೆಸಿ. ಫೋಟೊ ಕಡತದ ಹೆಸರಿನಲ್ಲಿ ಮಗುವಿನ ಹೆಸರು ಉಳಿದಿದೆಯೇ, ಫೋನ್ ಸೇರಿಸಿದ ಸ್ಥಳದ ಮಾಹಿತಿ ಉಳಿದಿದೆಯೇ ನೋಡಿ. ಅಂಕಗಳನ್ನು ಹೊರಗೆ ಎಲ್ಲೂ ಹಾಕಬೇಡಿ. ಕೆಲವು ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂಬುದೇ ಹೊರಗೆ ತಿಳಿಯಬಾರದ ಸ್ಥಿತಿಯಿರುತ್ತದೆ. ಆ ಹೆಸರುಗಳು ಆಫೀಸಿನಲ್ಲಿ ಒಬ್ಬರ ಬಳಿ ಇರಬೇಕು, ಪ್ರಕಟಿಸುವ ಬೆಳಿಗ್ಗೆಯೇ ಅವರನ್ನು ಮತ್ತೊಮ್ಮೆ ಕೇಳಬೇಕು. ಹೋದ ತಿಂಗಳ ಪಟ್ಟಿಯನ್ನು ನಂಬುವಂತಿಲ್ಲ.

ಶಾಲೆಯ ಹೊರಗಿನ ಸಾಧನೆಗಳಿಗೆ ಬೇರೆ ಅಂಕಣ ಮಾಡಿ, ಜಾಗಕ್ಕೆ ಮಿತಿ ಹಾಕಿ. ಕರಾಟೆ, ಸಂಗೀತ, ಚೆಸ್ ತರಬೇತಿಗೆ ಕಳಿಸಬಲ್ಲ ಮನೆಗಳಿಂದ ತಿಂಗಳಿಗೆ ಮೂರು ಮೂರು ಸುದ್ದಿ ಬರುತ್ತವೆ, ಬಿಟ್ಟರೆ ಸುದ್ದಿಪತ್ರವಿಡೀ ಅದೇ ತುಂಬುತ್ತದೆ. ಸರ್ಟಿಫಿಕೇಟಿನಲ್ಲಿ "ಅಂತರರಾಷ್ಟ್ರೀಯ" ಎಂದಿದ್ದ ಮಾತ್ರಕ್ಕೆ ಹಾಗೇ ಪ್ರಕಟಿಸಬಾರದು. ಶುಲ್ಕ ಕಟ್ಟಿದವರಿಗೆಲ್ಲ ಪದಕ ಕೊಡುವ ಸ್ಪರ್ಧೆಗಳು ಬೇಕಾದಷ್ಟಿವೆ. ಯಾವ ಮಟ್ಟ, ಎಷ್ಟು ಸ್ಪರ್ಧಿಗಳು, ಆಯ್ಕೆ ಹೇಗೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಬರೆಯಿರಿ. ಮನೆಯಲ್ಲಿ ತಮ್ಮಂದಿರಿಗೆ ಪಾಠ ಹೇಳಿಕೊಡುವುದು, ಅಜ್ಜನ ಔಷಧಿಯ ಹೊತ್ತನ್ನು ನೆನಪಿಟ್ಟು ಕೊಡುವುದು ಕೂಡ ಹೊರಗಿನ ಸಾಧನೆಯೇ. ಮನೆಯವರು ಹೇಳಿ, ವಿದ್ಯಾರ್ಥಿ ಒಪ್ಪಿದರೆ ಆ ಅಂಕಣದಲ್ಲಿ ಅದಕ್ಕೂ ಜಾಗವಿರಲಿ.

ತಪ್ಪು ಅಚ್ಚಾದರೆ ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ತಿದ್ದುಪಡಿ ಹಾಕಿ, ಪ್ರಶಸ್ತಿ ಪತ್ರವನ್ನೂ ಹೊಸದಾಗಿ ಮುದ್ರಿಸಿ ಕೊಡಿ. ತೆಗೆಯಿರಿ ಎಂದು ಪೋಷಕರು ಕೇಳಿದರೆ ಕಾರಣ ಕೇಳದೆ ಅದೇ ದಿನ ತೆಗೆಯಿರಿ.

ವರ್ಷದ ಕೊನೆಗೆ ಪುಸ್ತಕ ತೆರೆದು ಮೂರು ಎಣಿಕೆ ಮಾಡಿ: ಒಂದೂ ಸಾಲು ಬಾರದ ಮಕ್ಕಳೆಷ್ಟು, ಕ್ರಿಯಾಪದವಿಲ್ಲದ ಸಾಲುಗಳೆಷ್ಟು, ಕಂಡ ದಿನಕ್ಕೂ ತಿಳಿಸಿದ ದಿನಕ್ಕೂ ಸರಾಸರಿ ಅಂತರವೆಷ್ಟು. ಮೊದಲನೆಯ ಪಟ್ಟಿಯನ್ನು ಹೆಸರು ಸಮೇತ ಮುಂದಿನ ತರಗತಿಯ ಟೀಚರ್ ಕೈಗೆ ಶಾಲೆ ಶುರುವಾಗುವ ವಾರದಲ್ಲೇ ಕೊಡಬೇಕು. ಎಂಟನೇ ತರಗತಿ ಮುಗಿಸಿ ಹೊರಡುವವರಿಗೆ ಅವರವರ ಹೆಸರಿನ ಸಾಲುಗಳನ್ನು ಫಿಲ್ಟರ್ ಮಾಡಿ, ಮೂರು ವರ್ಷದ್ದನ್ನೂ ಸೇರಿಸಿ, ಕಂಡವರ ಹೆಸರಿನೊಂದಿಗೆ ಒಂದು ಹಾಳೆಯಲ್ಲಿ ಮುದ್ರಿಸಿ ಕೊಡಿ. ಪುಸ್ತಕ ಸರಿಯಾಗಿ ನಡೆದಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ.